ಹಾಟ್‌ಸ್ಪಾಟ್‌ಗೆ ತಿಂಗಳಿಗೆ ಇಪ್ಪತ್ತು ಡಾಲರ್: ವೆರಿಝಾನ್ ಟೆದರಿಂಗ್ ಪ್ರಕರಣದ ಅಧ್ಯಯನ

2012ರ ಜುಲೈ 31ರಂದು ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಅಂದರೆ ಎಫ್‌ಸಿಸಿ, ಆ ದೇಶದ ಅತಿ ದೊಡ್ಡ ಮೊಬೈಲ್ ಕಂಪನಿಯಾಗಿದ್ದ ವೆರಿಝಾನ್ ವೈರ್‌ಲೆಸ್ ವಿರುದ್ಧ ನಡೆಸುತ್ತಿದ್ದ ತನಿಖೆಯೊಂದನ್ನು ರಾಜಿ ಆದೇಶದ ಮೂಲಕ ಮುಗಿಸಿತು. ಕಂಪನಿಯು ಸರ್ಕಾರದ ಖಜಾನೆಗೆ 12.5 ಲಕ್ಷ ಡಾಲರ್ ಕಟ್ಟಲು ಒಪ್ಪಿಕೊಂಡಿತು. ಮೇಲ್ನೋಟಕ್ಕೆ ತನಿಖೆಯ ವಿಷಯ ಸಣ್ಣದು. ಗ್ರಾಹಕನೊಬ್ಬ ಹಣ ಕೊಟ್ಟು ಪಡೆದ ಮೊಬೈಲ್ ಇಂಟರ್‌ನೆಟ್ಟನ್ನು ತನ್ನದೇ ಲ್ಯಾಪ್‌ಟಾಪಿಗೆ ಹಾಯಿಸಿಕೊಳ್ಳಲು ಮತ್ತೊಮ್ಮೆ ಶುಲ್ಕ ತೆರಬೇಕೇ, ಆ ಶುಲ್ಕವಿಲ್ಲದೆ ಅದನ್ನು ಸಾಧ್ಯವಾಗಿಸುವ ಆ್ಯಪ್‌ಗಳು ಅವನ ಕೈಗೆ ಸಿಗದಂತೆ ಕಂಪನಿಯು ನೋಡಿಕೊಳ್ಳಬಹುದೇ ಎಂಬುದಷ್ಟೇ ಅಲ್ಲಿದ್ದ ಪ್ರಶ್ನೆ.

ಈ ಪ್ರಕರಣವನ್ನು ವಿವರವಾಗಿ ನೋಡಲು ಒಂದು ಕಾರಣವಿದೆ. ಗ್ರಾಹಕರಿಗೆ ಇಲ್ಲಿ ನ್ಯಾಯ ಸಿಕ್ಕದ್ದು ಇಂಟರ್‌ನೆಟ್ ಸ್ವಾತಂತ್ರ್ಯದ ಬಗೆಗಿನ ಯಾವ ದೊಡ್ಡ ಘೋಷಣೆಯಿಂದಲೂ ಅಲ್ಲ, ನ್ಯಾಯಾಲಯದ ತೀರ್ಪಿನಿಂದಲೂ ಅಲ್ಲ. ಆ ರಾಜಿಗೆ ಐದು ವರ್ಷ ಮೊದಲು, ಸ್ಮಾರ್ಟ್‌ಫೋನುಗಳು ಜನಸಾಮಾನ್ಯರನ್ನು ತಲುಪುವ ಮೊದಲೇ, ತರಂಗಾಂತರದ ಒಂದು ತುಂಡನ್ನು ಹರಾಜಿಗಿಡುವಾಗ ನಿಯಂತ್ರಕರು ಬರೆದಿಟ್ಟ ಒಂದು ಷರತ್ತು ಅವರನ್ನು ಕಾಪಾಡಿತು. ಅಂಥ ಷರತ್ತು ಇಲ್ಲದ ಕಡೆ ಅದೇ ದೇಶದಲ್ಲಿ, ಅದೇ ವರ್ಷ, ಅದೇ ಬಗೆಯ ನಿರ್ಬಂಧ ಪ್ರಶ್ನೆಯಿಲ್ಲದೆ ಮುಂದುವರಿಯಿತು. ಸಾರ್ವಜನಿಕ ಸಂಪತ್ತನ್ನು ಖಾಸಗಿಯವರಿಗೆ ಕೊಡುವ ಹೊತ್ತಿನಲ್ಲಿ ಏನನ್ನು ಬರೆಯಿಸಿಕೊಳ್ಳುತ್ತೇವೆ ಎಂಬುದು ಮುಂದಿನ ಎಷ್ಟೋ ವರ್ಷಗಳ ಬಳಕೆಯನ್ನು ನಿರ್ಧರಿಸುತ್ತದೆ ಎಂಬ ನನ್ನ ನಂಬಿಕೆಗೆ ಇಷ್ಟು ಸ್ಪಷ್ಟವಾದ ಉದಾಹರಣೆ ಇನ್ನೊಂದು ಸಿಕ್ಕಿಲ್ಲ.

ಫೋನು ಹಾಟ್‌ಸ್ಪಾಟ್ ಆಗುವ ಬಗೆ

ಮೊಬೈಲ್ ಫೋನಿನ ಸಂಪರ್ಕವನ್ನು ಇನ್ನೊಂದು ಸಾಧನಕ್ಕೆ ಕೊಡುವುದನ್ನು ಟೆದರಿಂಗ್ ಎನ್ನುತ್ತಾರೆ. ಮೊದಮೊದಲು ಇದು ಯುಎಸ್‌ಬಿ ತಂತಿಯಿಂದಲೋ ಬ್ಲೂಟೂತ್‌ನಿಂದಲೋ ಆಗುತ್ತಿತ್ತು. ಫೋನಿನ ವೈಫೈ ಚಿಪ್ಪನ್ನೇ ಒಂದು ಪುಟ್ಟ ಪ್ರಸಾರ ಕೇಂದ್ರವಾಗಿ ಬಳಸಲು ಸಾಧ್ಯವಾದ ಮೇಲೆ ಅದಕ್ಕೆ ಹಾಟ್‌ಸ್ಪಾಟ್ ಎಂಬ ಹೆಸರು ರೂಢಿಯಾಯಿತು. 2010ರ ಮೇ ತಿಂಗಳಲ್ಲಿ ಪ್ರಕಟವಾದ ಆ್ಯಂಡ್ರಾಯ್ಡ್ 2.2 ಆವೃತ್ತಿಯಲ್ಲಿ ಈ ಸೌಲಭ್ಯ ವ್ಯವಸ್ಥೆಯ ಒಳಗೇ ಸೇರಿತು. ಐಫೋನಿನಲ್ಲಿ ಅದು 2011ರ ಮಾರ್ಚ್‌ನಲ್ಲಿ ಬಂದ ಐಒಎಸ್ 4.3ರ ಜೊತೆಗೆ ವ್ಯಾಪಕವಾಗಿ ದೊರಕಿತು.

ಒಳಗಿನ ಕೆಲಸ ಹೀಗೆ ನಡೆಯುತ್ತದೆ. ಮೊಬೈಲ್ ಜಾಲವು ಫೋನಿಗೆ ಒಂದೇ ಒಂದು ವಿಳಾಸವನ್ನು ಕೊಟ್ಟಿರುತ್ತದೆ. ಫೋನು ತನ್ನ ಸುತ್ತಲಿನ ಲ್ಯಾಪ್‌ಟಾಪು, ಟ್ಯಾಬ್ಲೆಟ್‌ಗಳಿಗೆ ತಾನೇ ಒಳವಿಳಾಸಗಳನ್ನು ಹಂಚಿ, ಅವುಗಳಿಂದ ಬಂದ ಪ್ಯಾಕೆಟ್‌ಗಳ, ಅಂದರೆ ದತ್ತಾಂಶದ ಪುಟ್ಟ ಪೊಟ್ಟಣಗಳ, ಮೇಲೆ ತನ್ನ ವಿಳಾಸವನ್ನು ಹಾಕಿ ಹೊರಗೆ ಕಳುಹಿಸುತ್ತದೆ, ಮರಳಿ ಬಂದ ಉತ್ತರವನ್ನು ಸರಿಯಾದ ಸಾಧನಕ್ಕೆ ತಲುಪಿಸುತ್ತದೆ. ಗೋಪುರದ ಕಡೆಯಿಂದ ನೋಡಿದರೆ ಇವೆಲ್ಲವೂ ಒಂದೇ ಫೋನಿನ ದತ್ತಾಂಶ. ಹಾಟ್‌ಸ್ಪಾಟ್ ಮೂಲಕ ಹೋದ ಒಂದು ಮೆಗಾಬೈಟ್ ಮತ್ತು ಫೋನಿನ ಪರದೆಯ ಮೇಲೆ ತೆರೆದ ಪುಟದ ಒಂದು ಮೆಗಾಬೈಟ್ ರೇಡಿಯೊ ಜಾಲದ ಮೇಲೆ ಹೊರಿಸುವ ಭಾರದಲ್ಲಿ ವ್ಯತ್ಯಾಸವೇನೂ ಇಲ್ಲ.

ಹಾಗಿದ್ದರೂ ಕಂಪನಿಗೆ ಇದನ್ನು ಪತ್ತೆ ಹಚ್ಚುವ ದಾರಿಗಳಿವೆ. ಪ್ರತಿ ಪ್ಯಾಕೆಟ್ಟಿನಲ್ಲಿಯೂ ಅದು ಎಷ್ಟು ಹೆಜ್ಜೆ ದಾಟಬಹುದೆಂಬ ಒಂದು ಎಣಿಕೆ ಇರುತ್ತದೆ. ಅದನ್ನು ಟಿಟಿಎಲ್ ಎನ್ನುತ್ತಾರೆ. ಫೋನಿನಲ್ಲೇ ಹುಟ್ಟಿದ ಪ್ಯಾಕೆಟ್ಟು ಸಾಮಾನ್ಯವಾಗಿ 64ರ ಎಣಿಕೆಯೊಡನೆ ಹೊರಡುತ್ತದೆ. ಲ್ಯಾಪ್‌ಟಾಪಿನಲ್ಲಿ ಹುಟ್ಟಿ ಫೋನನ್ನು ದಾಟಿ ಬಂದದ್ದಾದರೆ ಒಂದು ಹೆಜ್ಜೆ ಕಳೆದು 63 ಆಗಿರುತ್ತದೆ, ವಿಂಡೋಸ್ ಯಂತ್ರದ್ದಾದರೆ 128ರಿಂದ ಇಳಿದು 127 ಆಗಿರುತ್ತದೆ. ಬ್ರೌಸರು ತನ್ನ ಪರಿಚಯವನ್ನು ಹೇಳಿಕೊಳ್ಳುವ ಸಾಲನ್ನು ಓದಿಯೂ ಊಹಿಸಬಹುದು. ಇನ್ನೂ ಸರಳವಾದ ದಾರಿಯೆಂದರೆ, ಕಂಪನಿ ಮಾರುವ ಫೋನಿನ ತಂತ್ರಾಂಶದಲ್ಲಿಯೇ ಹಾಟ್‌ಸ್ಪಾಟ್ ಗುಂಡಿಗೆ ಒಂದು ಕಾವಲನ್ನು ಕೂರಿಸುವುದು: ಗ್ರಾಹಕನು ಗುಂಡಿ ಒತ್ತಿದಾಗ ಫೋನು ಮೊದಲು ಕಂಪನಿಯನ್ನು ಕೇಳುತ್ತದೆ, ಶುಲ್ಕ ಕಟ್ಟಿದ ದಾಖಲೆ ಇದ್ದರೆ ಮಾತ್ರ ಹಾಟ್‌ಸ್ಪಾಟ್ ತೆರೆಯುತ್ತದೆ.

ಈ ಕಾವಲನ್ನು ಸುತ್ತಿ ಹೋಗಲೆಂದೇ ಸ್ವತಂತ್ರ ತಂತ್ರಾಂಶಗಾರರು ಆ್ಯಪ್‌ಗಳನ್ನು ಬರೆದರು. ಸ್ಮಾರ್ಟ್‌ಫೋನಿಗೂ ಹಿಂದಿನ ಪಾಮ್ ಕೈಸಾಧನಗಳ ಕಾಲದಿಂದಲೂ ಹೆಸರಾಗಿದ್ದ ಪಿಡಿಎನೆಟ್ ಅಂಥದ್ದೊಂದು. ಲ್ಯಾಪ್‌ಟಾಪಿನ ಕೋರಿಕೆಗಳನ್ನು ಇಂಥ ಆ್ಯಪ್ ತಾನು ಪಡೆದು, ಫೋನಿನಲ್ಲಿಯೇ ಹುಟ್ಟಿದವೆಂಬಂತೆ ಹೊಸದಾಗಿ ಕಳುಹಿಸುವುದರಿಂದ ಮೇಲೆ ಹೇಳಿದ ಎಣಿಕೆಯ ವ್ಯತ್ಯಾಸವೂ ಉಳಿಯುವುದಿಲ್ಲ. ಇಂಥವು ಆ್ಯಂಡ್ರಾಯ್ಡ್ ಮಾರ್ಕೆಟ್ ಎಂಬ ಗೂಗಲ್‌ನ ಆ್ಯಪ್ ಅಂಗಡಿಯಲ್ಲಿ ಉಚಿತವಾಗಿಯೋ ಒಮ್ಮೆ ಮಾತ್ರ ಕೊಡುವ ಸಣ್ಣ ಬೆಲೆಗೋ ಸಿಗುತ್ತಿದ್ದವು. ವೆರಿಝಾನ್ ತನ್ನ ಹಾಟ್‌ಸ್ಪಾಟ್ ಸೇವೆಗೆ ಪಡೆಯುತ್ತಿದ್ದುದು ತಿಂಗಳಿಗೆ 20 ಡಾಲರ್; ಆಗಿನ ವಿನಿಮಯ ದರದಲ್ಲಿ ಹೆಚ್ಚುಕಡಿಮೆ 900 ರೂಪಾಯಿ. ಫೋನಿನ ಡೇಟಾ ಯೋಜನೆಗೆ ಕೊಡುತ್ತಿದ್ದ ಹಣದ ಮೇಲೆ ಇದು ಹೆಚ್ಚುವರಿ.

ಹರಾಜಿನಲ್ಲಿ ಬರೆದಿಟ್ಟ ಷರತ್ತು

ಪ್ರಕರಣದ ಬೇರು 2007ರಲ್ಲಿದೆ. ಅಮೆರಿಕದಲ್ಲಿ ದೂರದರ್ಶನ ಪ್ರಸಾರವು ಡಿಜಿಟಲ್‌ಗೆ ಬದಲಾಗುತ್ತಿದ್ದ ಕಾರಣ 52ರಿಂದ 69ರವರೆಗಿನ ಟಿವಿ ಚಾನೆಲ್‌ಗಳು ಬಳಸುತ್ತಿದ್ದ 700 ಮೆಗಾಹರ್ಟ್ಸ್ ಪಟ್ಟಿ ಖಾಲಿಯಾಗಲಿತ್ತು. ಈ ತರಂಗಗಳು ದೂರ ಸಾಗುತ್ತವೆ, ಗೋಡೆಗಳನ್ನು ಹೊಕ್ಕು ಬರುತ್ತವೆ, ಕಡಿಮೆ ಗೋಪುರಗಳಲ್ಲಿ ಹೆಚ್ಚು ಪ್ರದೇಶವನ್ನು ತಲುಪುತ್ತವೆ. ದೇಶವ್ಯಾಪಿ ಮೊಬೈಲ್ ಇಂಟರ್‌ನೆಟ್ ಕಟ್ಟಬಯಸುವ ಯಾವ ಕಂಪನಿಗೂ ಅವು ಬೇಕಾಗಿದ್ದವು, ಮತ್ತು ಅಂಥ ತರಂಗಾಂತರ ಮತ್ತೆ ಸುಲಭಕ್ಕೆ ಹರಾಜಿಗೆ ಬರುವಂತಿರಲಿಲ್ಲ. ಆದ್ದರಿಂದ ಆ ಕ್ಷಣದಲ್ಲಿ ನಿಯಂತ್ರಕರ ಕೈ ಮೇಲಿತ್ತು.

ಆಗ ಅಮೆರಿಕದ ಮೊಬೈಲ್ ಕಂಪನಿಗಳು ತಮ್ಮ ಜಾಲದಲ್ಲಿ ಯಾವ ಫೋನು ನಡೆಯಬೇಕು, ಅದರಲ್ಲಿ ಯಾವ ಸೌಲಭ್ಯ ತೆರೆದಿರಬೇಕು ಎಂಬುದನ್ನು ತಾವೇ ನಿರ್ಧರಿಸುತ್ತಿದ್ದವು. ತಂತಿ ಫೋನಿನ ವಿಷಯದಲ್ಲಿ ಈ ಬಗೆಯ ಹಿಡಿತವನ್ನು ಎಫ್‌ಸಿಸಿ 1968ರಲ್ಲಿಯೇ ಮುರಿದಿತ್ತು. ಜಾಲಕ್ಕೆ ಹಾನಿಯಾಗದ ಯಾವ ಸಾಧನವನ್ನಾದರೂ ಗ್ರಾಹಕನು ತನ್ನ ಟೆಲಿಫೋನ್ ಮಾರ್ಗಕ್ಕೆ ಜೋಡಿಸಿಕೊಳ್ಳಬಹುದು ಎಂದು ಕಾರ್ಟರ್‌ಫೋನ್ ಪ್ರಕರಣದಲ್ಲಿ ಅದು ಹೇಳಿತ್ತು. ಉತ್ತರಿಸುವ ಯಂತ್ರ, ಫ್ಯಾಕ್ಸ್, ಮೋಡೆಮ್ ಮೊದಲಾದವು ಮನೆಮನೆಗೆ ಬರಲು ಆ ತೀರ್ಮಾನ ದಾರಿ ಮಾಡಿಕೊಟ್ಟಿತು. ನಿಸ್ತಂತು ಜಾಲಗಳಿಗೂ ಇದೇ ತತ್ವ ಅನ್ವಯಿಸಬೇಕೆಂದು 2007ರ ಫೆಬ್ರುವರಿಯಲ್ಲಿ ಸ್ಕೈಪ್ ಕಂಪನಿ ಎಫ್‌ಸಿಸಿಗೆ ಮನವಿ ಸಲ್ಲಿಸಿತು. ಅದೇ ವರ್ಷದ ಜುಲೈನಲ್ಲಿ ಗೂಗಲ್ ಒಂದು ಹೆಜ್ಜೆ ಮುಂದೆ ಹೋಗಿ, ಆ್ಯಪ್, ಸಾಧನ, ಸೇವೆ, ಜಾಲ ಈ ನಾಲ್ಕರಲ್ಲೂ ಮುಕ್ತತೆಯ ಷರತ್ತು ಹಾಕುವುದಾದರೆ ತಾನು ಕನಿಷ್ಠ 460 ಕೋಟಿ ಡಾಲರ್ ಬಿಡ್ ಮಾಡುವುದಾಗಿ ಪ್ರಕಟಿಸಿತು.

ಕೆವಿನ್ ಮಾರ್ಟಿನ್ ಅಧ್ಯಕ್ಷತೆಯ ಎಫ್‌ಸಿಸಿ 2007ರ ಜುಲೈ 31ರಂದು ಈ ನಾಲ್ಕರಲ್ಲಿ ಎರಡನ್ನು ಒಪ್ಪಿತು. ಹರಾಜಿನ ಸಿ ಬ್ಲಾಕ್ ಎಂಬ 22 ಮೆಗಾಹರ್ಟ್ಸ್ ತುಂಡನ್ನು ಪಡೆಯುವವರು ತಮ್ಮ ಗ್ರಾಹಕರು ಇಷ್ಟಪಟ್ಟ ಸಾಧನವನ್ನೂ ಇಷ್ಟಪಟ್ಟ ಆ್ಯಪ್ಪನ್ನೂ ಆ ಜಾಲದಲ್ಲಿ ಬಳಸುವುದನ್ನು ನಿರಾಕರಿಸುವಂತಿಲ್ಲ, ಮಿತಿಗೊಳಿಸುವಂತಿಲ್ಲ, ನಿರ್ಬಂಧಿಸುವಂತಿಲ್ಲ ಎಂಬ ನಿಯಮ ಬಂತು. ವಿನಾಯಿತಿಗಳು ಎರಡೇ: ಜಾಲದ ನಿರ್ವಹಣೆಗೆ ಅಥವಾ ರಕ್ಷಣೆಗೆ ಸಮಂಜಸವಾಗಿ ಅಗತ್ಯವಾದ, ಮೊದಲೇ ಪ್ರಕಟಿಸಿದ ತಾಂತ್ರಿಕ ಮಾನದಂಡಗಳನ್ನು ಆ ಸಾಧನ ಅಥವಾ ಆ್ಯಪ್ ಪಾಲಿಸದಿದ್ದರೆ, ಇಲ್ಲವೇ ಕಾನೂನು ಹಾಗೂ ಸರ್ಕಾರಿ ನಿಯಮ ಅದನ್ನು ಬೇಡುತ್ತಿದ್ದರೆ. ಕಂಪನಿಯು ತಾನು ಕೊಡುವ ಫೋನಿನಲ್ಲಿರುವ ಸೌಲಭ್ಯಗಳನ್ನು ನಿಷ್ಕ್ರಿಯಗೊಳಿಸಬಾರದು, ಬೇರೆ ಜಾಲದಲ್ಲಿ ನಡೆಯದಂತೆ ಫೋನಿಗೆ ಬೀಗ ಹಾಕಬಾರದು ಎಂಬುದನ್ನೂ ನಿಯಮ ಸೇರಿಸಿಕೊಂಡಿತ್ತು.

ಇವೆಲ್ಲದರಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ರುಜುವಾತಿನ ಹೊಣೆಯ ಬಗೆಗಿನ ಉಪನಿಯಮ. ದೂರುದಾರನು ಮೇಲ್ನೋಟಕ್ಕೆ ನಿಲ್ಲುವ ಪ್ರಕರಣವನ್ನು ಮುಂದಿಟ್ಟರೆ ಸಾಕು, ತಾನು ತಪ್ಪು ಮಾಡಿಲ್ಲವೆಂದು ತೋರಿಸುವ ಹೊಣೆ ಕಂಪನಿಯದಾಗುತ್ತದೆ. ಜಾಲದ ಒಳಗಿನ ದಟ್ಟಣೆ, ಒಪ್ಪಂದ, ಪತ್ರವ್ಯವಹಾರ ಎಲ್ಲವೂ ಕಂಪನಿಯ ಕೈಯಲ್ಲೇ ಇರುವಾಗ ಹೊರಗಿನ ಗ್ರಾಹಕನಿಂದ ಪೂರ್ಣ ಸಾಕ್ಷ್ಯವನ್ನು ಕೇಳುವುದು ಹಕ್ಕನ್ನು ಕೊಟ್ಟೂ ಕೊಡದಂತೆ. ನಿಯಮ ಬರೆದವರು ಇದನ್ನು ಅರಿತಿದ್ದರು.

ವೆರಿಝಾನ್ ಈ ಷರತ್ತುಗಳನ್ನು ಪ್ರಶ್ನಿಸಿ 2007ರ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗಿ, ಕೆಲವೇ ವಾರಗಳಲ್ಲಿ ಅರ್ಜಿಯನ್ನು ಹಿಂತೆಗೆದುಕೊಂಡಿತು. 2008ರ ಜನವರಿ 24ರಿಂದ ಮಾರ್ಚ್ 18ರವರೆಗೆ ಹರಾಜು ನಡೆದು ಒಟ್ಟು ಸುಮಾರು 1,960 ಕೋಟಿ ಡಾಲರ್ ಬಂತು. ಸಿ ಬ್ಲಾಕಿಗೆ ನಿಗದಿಯಾಗಿದ್ದ ಮೀಸಲು ಬೆಲೆ 460 ಕೋಟಿ ಡಾಲರ್. ಅಷ್ಟು ಬಾರದಿದ್ದರೆ ಮುಕ್ತತೆಯ ಷರತ್ತನ್ನು ಕೈಬಿಟ್ಟು ಮರುಹರಾಜು ಮಾಡುವ ವ್ಯವಸ್ಥೆಯಿತ್ತು. ಗೂಗಲ್ ಆ ಬೆಲೆ ದಾಟುವವರೆಗೆ ಬಿಡ್ ಏರಿಸಿ ನಿಂತಿತು. ಅಲಾಸ್ಕಾ ಬಿಟ್ಟು ಉಳಿದ ರಾಜ್ಯಗಳ ಸಿ ಬ್ಲಾಕ್ ಪರವಾನಗಿಗಳನ್ನು ವೆರಿಝಾನ್ 474 ಕೋಟಿ ಡಾಲರಿಗೆ ಪಡೆಯಿತು. ಆಗ ಆ ಕಂಪನಿಯ ಶೇ 45ರಷ್ಟು ಪಾಲು, ನಮ್ಮಲ್ಲಿಯೂ ಸೇವೆ ಕೊಡುತ್ತಿದ್ದ ವೊಡಾಫೋನಿನದ್ದಾಗಿತ್ತು. ತನಗೆ ಬೇಡವಾದ ಷರತ್ತಿನ ಜೊತೆಗೇ ಆ ತರಂಗಾಂತರವನ್ನು ಕೊಂಡದ್ದು, ಷರತ್ತನ್ನು ಓದಿ ತಿಳಿದೇ ಕೊಂಡದ್ದು ಎಂಬ ಅಂಶ ಮುಂದೆ ಕಂಪನಿಯ ವಿರುದ್ಧವೇ ನಿಂತಿತು.

ಆ್ಯಪ್‌ಗಳು ಕಾಣೆಯಾದವು

2010ರ ಡಿಸೆಂಬರ್‌ನಲ್ಲಿ ವೆರಿಝಾನ್ ಇದೇ ಸಿ ಬ್ಲಾಕ್ ತರಂಗಗಳ ಮೇಲೆ ತನ್ನ ಎಲ್‌ಟಿಇ, ಅಂದರೆ 4ಜಿ, ಜಾಲವನ್ನು 38 ನಗರ ಪ್ರದೇಶಗಳಲ್ಲಿ ಆರಂಭಿಸಿತು. 2011ರ ಮಾರ್ಚ್‌ನಲ್ಲಿ ಅದರ ಮೊದಲ ಎಲ್‌ಟಿಇ ಫೋನಾದ ಎಚ್‌ಟಿಸಿ ಥಂಡರ್‌ಬೋಲ್ಟ್ ಮಾರಾಟಕ್ಕೆ ಬಂತು. ಮನೆಯ ತಂತಿ ಸಂಪರ್ಕಕ್ಕೆ ಸರಿಸಾಟಿಯಾದ ವೇಗ ಕಿಸೆಯೊಳಗಿನ ಫೋನಿನಲ್ಲಿ ದೊರೆತಾಗ ಅದನ್ನು ಲ್ಯಾಪ್‌ಟಾಪಿಗೆ ಹರಿಸಿಕೊಳ್ಳಬೇಕೆಂದು ಜನರಿಗೆ ಅನಿಸಿದ್ದು ಸಹಜವೇ. ಅದೇ ವಸಂತದಲ್ಲಿ, ದೊಡ್ಡ ಕಂಪನಿಗಳ ಗ್ರಾಹಕರು ಆ್ಯಂಡ್ರಾಯ್ಡ್ ಮಾರ್ಕೆಟ್ಟನ್ನು ತೆರೆದಾಗ ಟೆದರಿಂಗ್ ಆ್ಯಪ್‌ಗಳು ತಮ್ಮ ಫೋನಿಗೆ ಲಭ್ಯವಿಲ್ಲವೆಂದು ಕಂಡುಕೊಂಡರು. ಆ್ಯಪ್‌ಗಳು ಅಂಗಡಿಯಲ್ಲೇ ಇದ್ದವು; ಯಾವ ಕಂಪನಿಯ ಫೋನಿನಿಂದ ನೋಡುತ್ತೇವೆ ಎಂಬುದರ ಮೇಲೆ ಅವು ಕಾಣುವುದು, ಕಾಣದಿರುವುದು ನಿರ್ಧಾರವಾಗುತ್ತಿತ್ತು.

ಇಂಥ ನಿರ್ಬಂಧ ಎಟಿ ಅಂಡ್ ಟಿ ಮತ್ತು ಟಿ-ಮೊಬೈಲ್ ಗ್ರಾಹಕರಿಗೂ ಎದುರಾಯಿತೆಂದು ಆಗ ವರದಿಯಾಗಿತ್ತು. ಎಟಿ ಅಂಡ್ ಟಿಯಂತೂ ಅನಧಿಕೃತವಾಗಿ ಟೆದರಿಂಗ್ ಮಾಡುತ್ತಿದ್ದವರೆಂದು ತಾನು ಗುರುತಿಸಿದ ಗ್ರಾಹಕರಿಗೆ ಸಂದೇಶ ಕಳುಹಿಸಿ, ಅದನ್ನು ನಿಲ್ಲಿಸದಿದ್ದರೆ ತಾನೇ ಅವರನ್ನು ತಿಂಗಳಿಗೆ 45 ಡಾಲರಿನ ಟೆದರಿಂಗ್ ಯೋಜನೆಗೆ ಬದಲಾಯಿಸುವುದಾಗಿ ಎಚ್ಚರಿಸಿತ್ತು. ಆದರೂ ಇಂಟರ್‌ನೆಟ್ ಬಳಕೆದಾರರ ಪರ ಕೆಲಸ ಮಾಡುವ ಫ್ರೀ ಪ್ರೆಸ್ ಎಂಬ ಸಂಘಟನೆ 2011ರ ಜೂನ್‌ನಲ್ಲಿ ಎಫ್‌ಸಿಸಿಗೆ ದೂರು ಕೊಟ್ಟದ್ದು ವೆರಿಝಾನ್ ಒಂದರ ಮೇಲೆ ಮಾತ್ರ. ಕಾರಣ ಸರಳ: ಉಳಿದವರನ್ನು ಹಿಡಿಯಲು ಕಾನೂನಿನಲ್ಲಿ ಹಿಡಿಕೆಯೇ ಇರಲಿಲ್ಲ. 2010ರ ಡಿಸೆಂಬರ್‌ನಲ್ಲಿ ಎಫ್‌ಸಿಸಿ ಹೊರಡಿಸಿದ್ದ ಮುಕ್ತ ಇಂಟರ್‌ನೆಟ್ ಆದೇಶವು ಮೊಬೈಲ್ ಕಂಪನಿಗಳ ಮಟ್ಟಿಗೆ ಸಡಿಲವಾಗಿತ್ತು. ಅವು ಜಾಲತಾಣಗಳನ್ನು ತಡೆಯಬಾರದು, ತಮ್ಮ ಧ್ವನಿ ಅಥವಾ ವಿಡಿಯೊ ಕರೆ ಸೇವೆಗೆ ಪೈಪೋಟಿ ಕೊಡುವ ಆ್ಯಪ್‌ಗಳನ್ನು ತಡೆಯಬಾರದು, ಜಾಲವನ್ನು ನಿರ್ವಹಿಸುವ ರೀತಿಯನ್ನು ಬಹಿರಂಗಪಡಿಸಬೇಕು ಎಂಬುದಕ್ಕಿಂತ ಹೆಚ್ಚೇನನ್ನೂ ಅದು ಕೇಳಿರಲಿಲ್ಲ. ಟೆದರಿಂಗ್ ಆ್ಯಪ್ ಯಾವ ಕರೆ ಸೇವೆಗೂ ಪೈಪೋಟಿಯಲ್ಲ. ಹೀಗಾಗಿ ಸಾಮಾನ್ಯ ನಿಯಮ ಕೈಬಿಟ್ಟ ಗ್ರಾಹಕನಿಗೆ ಹರಾಜಿನ ಷರತ್ತೊಂದೇ ಆಸರೆಯಾಯಿತು, ಅದೂ ಅವನ ದತ್ತಾಂಶ ಸಿ ಬ್ಲಾಕ್ ಜಾಲದಲ್ಲಿ ಹರಿಯುತ್ತಿದ್ದರೆ ಮಾತ್ರ. ಅದೇ ವೆರಿಝಾನಿನ 3ಜಿ ಜಾಲದಲ್ಲಿದ್ದ ಗ್ರಾಹಕನು, ಅಂದರೆ 2011ರಲ್ಲಿ ಅದರ ಐಫೋನ್ ಕೊಂಡವನು, ಈ ನಿಯಮದ ಹೊರಗಿದ್ದ. ಒಂದೇ ಕಂಪನಿಯ, ಒಂದೇ ಊರಿನ ಇಬ್ಬರು ಗ್ರಾಹಕರ ಹಕ್ಕುಗಳು ಅವರ ಫೋನು ಹಿಡಿಯುವ ತರಂಗದ ಮೇಲೆ ಬೇರೆಬೇರೆಯಾದದ್ದು ಈ ವ್ಯವಸ್ಥೆಯ ದೊಡ್ಡ ಕೊರತೆ.

ಕಂಪನಿಯ ಎರಡು ವಾದಗಳು

ವೆರಿಝಾನ್ ಆ್ಯಪ್ ಅಂಗಡಿಯವರಿಗೆ ಹೇಳಿ ಟೆದರಿಂಗ್ ಆ್ಯಪ್‌ಗಳನ್ನು ಮರೆಮಾಡಿಸಿತು ಎಂಬುದು ಆರೋಪ. ಕಂಪನಿಯ ಮೊದಲ ವಾದ, ತಾನು ಯಾವ ಆ್ಯಪ್ಪನ್ನೂ ತಡೆದಿಲ್ಲ ಎಂಬುದು. ಗ್ರಾಹಕರು ಕಾನೂನುಬದ್ಧವಾದ ಯಾವ ಆ್ಯಪ್ಪನ್ನಾದರೂ ತನ್ನ ಜಾಲದಲ್ಲಿ ಬಳಸಲು ಯಾವಾಗಲೂ ಬಿಟ್ಟಿದ್ದೇನೆ, ನಡೆದದ್ದು ನೌಕರರೊಬ್ಬರು ಆ್ಯಪ್ ಅಂಗಡಿಯವರೊಡನೆ ಮಾಡಿದ ಸಂವಹನವಷ್ಟೆ ಎಂಬರ್ಥದ ಹೇಳಿಕೆಯನ್ನು ಅದು ರಾಜಿಯ ದಿನವೂ ಕೊಟ್ಟಿತು. ತಾಂತ್ರಿಕವಾಗಿ ಇದರಲ್ಲಿ ಒಂದು ಸತ್ಯಾಂಶವಿದೆ. ಜಾಲದ ಉಪಕರಣಗಳಲ್ಲಿ ಪ್ಯಾಕೆಟ್‌ಗಳನ್ನು ತಡೆಹಿಡಿದ ಆರೋಪ ಅಲ್ಲಿರಲಿಲ್ಲ, ಮತ್ತು ಆ್ಯಂಡ್ರಾಯ್ಡ್ ಫೋನಿಗೆ ಅಂಗಡಿಯ ಹೊರಗಿನಿಂದಲೂ ಆ್ಯಪ್ ಹಾಕಿಕೊಳ್ಳಲು ದಾರಿಯಿತ್ತು. ಆದರೆ ನಿಯಮದ ಭಾಷೆ ನಿರಾಕರಣೆಗೆ ಮಾತ್ರ ಸೀಮಿತವಾಗಿರಲಿಲ್ಲ. ಮಿತಿಗೊಳಿಸುವುದನ್ನೂ ನಿರ್ಬಂಧಿಸುವುದನ್ನೂ ಅದು ಒಳಗೊಂಡಿತ್ತು. ಸಾಮಾನ್ಯ ಗ್ರಾಹಕನ ಪಾಲಿಗೆ ಅಂಗಡಿಯಲ್ಲಿ ಕಾಣದ ಆ್ಯಪ್ ಇಲ್ಲದ ಆ್ಯಪ್ಪೇ. ಸೆಟಿಂಗ್ಸ್ ಬದಲಿಸಿ, ಎಚ್ಚರಿಕೆಯ ಸಂದೇಶಗಳನ್ನು ದಾಟಿ, ಬೇರೆ ತಾಣದಿಂದ ಫೈಲು ಇಳಿಸಿಕೊಳ್ಳುವವರು ಕೆಲವೇ ಮಂದಿ. ಆದ್ದರಿಂದ ಜಾಲವನ್ನು ಮುಟ್ಟದೆ, ಮೂರನೆಯವರಿಗೆ ಒಂದು ಪತ್ರ ಬರೆದು ಅದೇ ಪರಿಣಾಮವನ್ನು ಸಾಧಿಸಬಹುದಾದರೆ ನಿಯಮಕ್ಕೆ ಅರ್ಥವೇ ಉಳಿಯದು. ದೂರುದಾರರ ನಿಲುವು ಇದಾಗಿತ್ತು, ಮತ್ತು ನನ್ನ ಮಟ್ಟಿಗೆ ಇದು ಪ್ರಶ್ನಾತೀತ.

ಎರಡನೆಯ ವಾದ ಶುಲ್ಕದ್ದು. ಲ್ಯಾಪ್‌ಟಾಪ್ ಜೋಡಿಸಿದವನು ಫೋನಿನಲ್ಲೇ ನೋಡುವವನಿಗಿಂತ ಹೆಚ್ಚು ಡೇಟಾ ಬಳಸುವ ಸಾಧ್ಯತೆಯಿದೆ, ಆ ಹೆಚ್ಚಿನ ಭಾರಕ್ಕೆ ಹೆಚ್ಚಿನ ಬೆಲೆ ಎಂದು ಕಂಪನಿ ಹೇಳಿತು. ಮಿತಿಯಿಲ್ಲದ ಡೇಟಾ ಯೋಜನೆಯ ಸಂದರ್ಭದಲ್ಲಿ ಈ ಮಾತನ್ನು ತಳ್ಳಿಹಾಕಲಾಗದು. ಅಂಥ ಯೋಜನೆಯ ಬೆಲೆಯನ್ನು ಫೋನಿನ ಪುಟ್ಟ ಪರದೆಯಲ್ಲಿ ಒಬ್ಬ ಮನುಷ್ಯ ಸರಾಸರಿ ಎಷ್ಟು ಬಳಸಿಯಾನು ಎಂಬ ಅಂದಾಜಿನ ಮೇಲೆ ಕಟ್ಟಿರುತ್ತಾರೆ; ಇಡೀ ಮನೆಯ ಕಂಪ್ಯೂಟರುಗಳು ಅದರ ಮೇಲೆ ನಿಂತರೆ ಲೆಕ್ಕ ತಪ್ಪುತ್ತದೆ, ಅದರ ಹೊರೆ ಅದೇ ಗೋಪುರದಡಿಯ ಇತರ ಗ್ರಾಹಕರ ಮೇಲೂ ಬೀಳುತ್ತದೆ. ಆದರೆ ವೆರಿಝಾನ್ 2011ರ ಜುಲೈ 7ರಿಂದಲೇ ಹೊಸ ಗ್ರಾಹಕರಿಗೆ ಮಿತಿಯಿಲ್ಲದ ಯೋಜನೆಯನ್ನು ನಿಲ್ಲಿಸಿ, 2 ಜಿಬಿಗೆ 30 ಡಾಲರ್, 5 ಜಿಬಿಗೆ 50 ಡಾಲರ್, 10 ಜಿಬಿಗೆ 80 ಡಾಲರ್ ಎಂದು ಅಳತೆಯ ಮೇಲೆ ಮಾರತೊಡಗಿತ್ತು. ಅಳೆದು ಕೊಟ್ಟ ಡೇಟಾಕ್ಕೂ ಹಾಟ್‌ಸ್ಪಾಟ್ ಶುಲ್ಕವನ್ನು ಬೇರೆಯಾಗಿ ಕೇಳುತ್ತಿದ್ದುದನ್ನು ಎಫ್‌ಸಿಸಿ ಗುರುತಿಸಿತು. ಮೀಟರು ಕೂರಿಸಿ ಲೀಟರಿನ ಲೆಕ್ಕದಲ್ಲಿ ನೀರು ಕೊಟ್ಟ ಮೇಲೆ ಅದನ್ನು ಕುಡಿಯುತ್ತೀರೋ ಗಿಡಕ್ಕೆ ಹಾಕುತ್ತೀರೋ ಎಂದು ಕೇಳಿ ಬೇರೆ ಬಿಲ್ಲು ಹಾಕಿದಂತೆ ಇದು. ಹೆಚ್ಚು ಬಳಸಿದವನು ಹೇಗಿದ್ದರೂ ಹೆಚ್ಚು ಕೊಡುತ್ತಾನೆ. ಆಗ ಜಾಲದ ಭಾರವೆಂಬ ಸಮರ್ಥನೆಗೆ ಆಧಾರ ಉಳಿಯುವುದಿಲ್ಲ.

ಇಡೀ ಪ್ರಕರಣದ ತಿರುಳು ಇರುವುದು ಈ ಬಿಂದುವಿನಲ್ಲಿ. ದತ್ತಾಂಶದ ಪ್ರಮಾಣಕ್ಕೆ ಬೆಲೆ ಕಟ್ಟುವುದು ವ್ಯಾಪಾರ. ಕೊಂಡ ದತ್ತಾಂಶದ ಬಳಕೆಗೆ ಮತ್ತೆ ಬೆಲೆ ಕಟ್ಟುವುದು ಕೊಳ್ಳುವವನ ಆಯ್ಕೆಯ ಮೇಲಿನ ಹಿಡಿತ. ಮೊದಲನೆಯದಕ್ಕೆ ಸಿ ಬ್ಲಾಕ್ ನಿಯಮ ಅಡ್ಡಿಯಾಗಿರಲಿಲ್ಲ. ಎರಡನೆಯದನ್ನು ಕಾಯ್ದುಕೊಳ್ಳಲು ಆ್ಯಪ್‌ಗಳನ್ನು ಮರೆಮಾಡಲೇಬೇಕಾಗಿತ್ತು, ಏಕೆಂದರೆ ಉಚಿತ ಆ್ಯಪ್ ಒಂದು ಕೈಗೆ ಸಿಕ್ಕರೆ ಆ ಶುಲ್ಕವನ್ನು ಯಾರೂ ಕೊಡಲಾರರು.

ರಾಜಿಯಲ್ಲಿ ಏನಿತ್ತು, ಏನಿರಲಿಲ್ಲ

ದೂರು ದಾಖಲಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲದ ನಂತರ, ಜೂಲಿಯಸ್ ಗೆನಚೋಸ್ಕಿ ಎಫ್‌ಸಿಸಿ ಅಧ್ಯಕ್ಷರಾಗಿದ್ದಾಗ, ರಾಜಿ ಆದೇಶ ಬಂತು. ಕಾಕತಾಳೀಯವೆಂಬಂತೆ ಅದು ಸಿ ಬ್ಲಾಕ್ ನಿಯಮಕ್ಕೆ ಒಪ್ಪಿಗೆ ಸಿಕ್ಕ ದಿನಕ್ಕೆ ಸರಿಯಾಗಿ ಐದು ವರ್ಷ. ಟೆದರಿಂಗ್ ಆ್ಯಪ್‌ಗಳು ತನ್ನ ಸಿ ಬ್ಲಾಕ್ ಗ್ರಾಹಕರಿಗೆ ಲಭ್ಯವಾಗುವುದಕ್ಕೆ ತನ್ನ ಆಕ್ಷೇಪವಿಲ್ಲವೆಂದು ಕಂಪನಿಯು ಆ್ಯಪ್ ಅಂಗಡಿಯವರಿಗೆ ಲಿಖಿತವಾಗಿ ತಿಳಿಸಬೇಕಾಯಿತು. ಅಳತೆಯ ಯೋಜನೆಯಲ್ಲಿರುವ ಗ್ರಾಹಕರು ಯಾವುದೇ ಆ್ಯಪ್ ಬಳಸಿ ಹೆಚ್ಚುವರಿ ಶುಲ್ಕವಿಲ್ಲದೆ ಟೆದರಿಂಗ್ ಮಾಡಬಹುದೆಂದು ಒಪ್ಪಬೇಕಾಯಿತು. ನೌಕರರಿಗೆ ನಿಯಮಗಳ ತರಬೇತಿ ಕೊಡುವುದು, ಆ್ಯಪ್‌ಗಳ ಲಭ್ಯತೆಯ ಬಗ್ಗೆ ಅಂಗಡಿಯವರಿಗೆ ಬರೆಯುವ ಪತ್ರಗಳನ್ನು ಮೊದಲು ವಕೀಲರಿಂದ ಪರಿಶೀಲಿಸುವುದು, ಉಲ್ಲಂಘನೆ ಕಂಡುಬಂದರೆ ಎಫ್‌ಸಿಸಿಗೆ ವರದಿ ಮಾಡುವುದು ಇವೂ ಸೇರಿದ್ದವು.

ಹಣದ ಮೊತ್ತ ಮಾತ್ರ ಹೇಳಿಕೊಳ್ಳುವಂಥದ್ದಲ್ಲ. ತಿಂಗಳಿಗೆ 20 ಡಾಲರಿನಂತೆ ಲೆಕ್ಕ ಹಾಕಿದರೆ ಅದು 62,500 ಗ್ರಾಹಕರ ಒಂದು ತಿಂಗಳ ಹಾಟ್‌ಸ್ಪಾಟ್ ಶುಲ್ಕಕ್ಕೆ ಸಮ. ಶುಲ್ಕ ಕೊಟ್ಟಿದ್ದವರಿಗೆ ಅದು ಮರಳಿ ಬರಲಿಲ್ಲ. ಪೂರ್ಣ ವಿಚಾರಣೆ ನಡೆದು ತೀರ್ಪು ಬರಲಿಲ್ಲವಾದ್ದರಿಂದ ನಿಯಮದ ಅರ್ಥವ್ಯಾಪ್ತಿಯೂ ಖಚಿತವಾಗಿ ನಿರ್ಧಾರವಾಗಲಿಲ್ಲ. ಹಳೆಯ ಮಿತಿಯಿಲ್ಲದ ಯೋಜನೆಯನ್ನು ಉಳಿಸಿಕೊಂಡಿದ್ದ ಗ್ರಾಹಕರಿಗೆ ಈ ಸವಲತ್ತು ವಿಸ್ತರಿಸಲಿಲ್ಲ. ಇನ್ನೊಂದು ಅಂಶವನ್ನು ಆಗಿನ ಚರ್ಚೆಯಲ್ಲಿ ಹೆಚ್ಚು ಜನ ಗಮನಿಸಿದಂತೆ ಕಾಣದು: ಫೋನಿನಲ್ಲೇ ಇರುವ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಬಾರದೆಂದು ನಿಯಮ ಸ್ಪಷ್ಟವಾಗಿ ಹೇಳಿದ್ದರೂ, ಆ್ಯಂಡ್ರಾಯ್ಡ್‌ನ ಒಳಗೇ ಇದ್ದ ಹಾಟ್‌ಸ್ಪಾಟ್ ಗುಂಡಿಯ ಮೇಲಿನ ಕಾವಲನ್ನು ರಾಜಿ ನೇರವಾಗಿ ಮುಟ್ಟಲಿಲ್ಲ. ಹೊರಗಿನವರ ಆ್ಯಪ್‌ಗಳಿಗೆ ಬಾಗಿಲು ತೆರೆಯಿತು, ಫೋನಿನದ್ದೇ ಸೌಲಭ್ಯದ ಪ್ರಶ್ನೆ ಉಳಿಯಿತು.

ಅದೇ ವರ್ಷದ ಜೂನ್ 28ರಿಂದ ವೆರಿಝಾನ್ ಹಲವು ಸಾಧನಗಳು ಒಂದೇ ಡೇಟಾ ಪ್ರಮಾಣವನ್ನು ಹಂಚಿಕೊಳ್ಳುವ ಯೋಜನೆಗಳನ್ನು ಜಾರಿಗೆ ತಂದು ಅವುಗಳಲ್ಲಿ ಹಾಟ್‌ಸ್ಪಾಟನ್ನು ಸೇರಿಸಿಬಿಟ್ಟಿತ್ತು; ಆಗಸ್ಟ್‌ನಲ್ಲಿ ಎಟಿ ಅಂಡ್ ಟಿ ಕೂಡ ಅಂಥದ್ದೇ ಯೋಜನೆ ತಂದಿತು. ಹಾಗಾಗಿ ರಾಜಿಯಿಂದಲೇ ಶುಲ್ಕ ಹೋಯಿತೆಂದು ಹೇಳುವುದು ಅತಿಶಯವಾದೀತು. ಮಾರುಕಟ್ಟೆ ತಾನಾಗಿ ಆ ಕಡೆ ವಾಲುತ್ತಿತ್ತು. ಆದರೆ ತನಿಖೆಯ ಕತ್ತಿ ತಲೆಯ ಮೇಲಿರುವಾಗ ಕಂಪನಿಯೊಂದು ತನ್ನ ಯೋಜನೆಗಳನ್ನು ಹೇಗೆ ಕಟ್ಟುತ್ತದೆ ಎಂಬುದನ್ನೂ ಮರೆಯಬಾರದು.

ನಂತರದ ವರ್ಷಗಳು

2014ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯವು 2010ರ ಮುಕ್ತ ಇಂಟರ್‌ನೆಟ್ ಆದೇಶದ ಮುಖ್ಯ ಭಾಗಗಳನ್ನು ವೆರಿಝಾನ್ ಹೂಡಿದ ದಾವೆಯಲ್ಲಿಯೇ ರದ್ದು ಮಾಡಿತು. 2015ರಲ್ಲಿ ಹೊಸ ಆದೇಶ ಬಂತು, 2017ರಲ್ಲಿ ಅದನ್ನು ಹಿಂತೆಗೆದುಕೊಂಡರು, 2024ರಲ್ಲಿ ಮತ್ತೆ ತಂದರು, 2025ರ ಜನವರಿಯಲ್ಲಿ ಇನ್ನೊಂದು ನ್ಯಾಯಾಲಯ ಅದನ್ನೂ ಬದಿಗಿಟ್ಟಿತು. ಈ ಏರಿಳಿತದ ಉದ್ದಕ್ಕೂ ಆ್ಯಪ್ ಮತ್ತು ಸಾಧನಗಳ ಆಯ್ಕೆಯನ್ನು ಕಾಯುವ ಸಿ ಬ್ಲಾಕ್ ಷರತ್ತು ಉಳಿದುಕೊಂಡಿತು, ಏಕೆಂದರೆ ಅದು ಪರವಾನಗಿಯ ಭಾಗವಾಗಿತ್ತು ಮತ್ತು ಕಂಪನಿ ಅದನ್ನು ಒಪ್ಪಿಯೇ ತರಂಗಾಂತರ ಪಡೆದಿತ್ತು. 2014ರಲ್ಲಿ ಮಿತಿಯಿಲ್ಲದ ಯೋಜನೆಯ ಎಲ್‌ಟಿಇ ಗ್ರಾಹಕರ ವೇಗವನ್ನು ದಟ್ಟಣೆಯ ಹೊತ್ತಿನಲ್ಲಿ ತಗ್ಗಿಸಲು ವೆರಿಝಾನ್ ಹೊರಟಾಗ, ಎಫ್‌ಸಿಸಿಯ ಆಗಿನ ಅಧ್ಯಕ್ಷ ಟಾಮ್ ವೀಲರ್ ಬರೆದ ಆಕ್ಷೇಪಣೆಯಲ್ಲಿ ಈ ಷರತ್ತಿನ ಪ್ರಸ್ತಾಪವೂ ಇತ್ತು. ಅಕ್ಟೋಬರ್ ಆರಂಭದಲ್ಲಿ ಕಂಪನಿ ಆ ಯೋಜನೆಯನ್ನು ಕೈಬಿಟ್ಟಿತು. ಫೋನಿಗೆ ಬೀಗ ಹಾಕಬಾರದೆಂಬ ಭಾಗವನ್ನು ಮಾತ್ರ 2019ರಲ್ಲಿ ಸಡಿಲಿಸಿ, ವಂಚನೆ ತಡೆಯಲು 60 ದಿನಗಳ ಬೀಗಕ್ಕೆ ಎಫ್‌ಸಿಸಿ ಅವಕಾಶ ಕೊಟ್ಟಿತು.

2017ರ ಫೆಬ್ರುವರಿಯಲ್ಲಿ ಮಿತಿಯಿಲ್ಲದ ಯೋಜನೆಗಳು ವೆರಿಝಾನಿನಲ್ಲಿ ಮರಳಿ ಬಂದವು. ಆಗ ಹಾಟ್‌ಸ್ಪಾಟ್ ಬಳಕೆಗೆ ಮಾತ್ರ 10 ಜಿಬಿಯ ಪ್ರತ್ಯೇಕ ಮಿತಿಯಿತ್ತು, ಅದನ್ನು ದಾಟಿದರೆ ಹಾಟ್‌ಸ್ಪಾಟ್ ವೇಗ 3ಜಿ ಮಟ್ಟಕ್ಕೆ ಇಳಿಯುತ್ತಿತ್ತು. ಮಿತಿಯಿಲ್ಲದ ಯೋಜನೆಯ ಮಟ್ಟಿಗೆ ಕಂಪನಿಯ ಹಳೆಯ ಭಾರದ ವಾದ ಸ್ವಲ್ಪ ನಿಲ್ಲುತ್ತದೆಂದು ಮೇಲೆ ಹೇಳಿದ್ದೇನೆ. ಆದರೂ ಅದೇ ಗೋಪುರ, ಅದೇ ತರಂಗ, ಅದೇ ಗ್ರಾಹಕ ಇರುವಾಗ ಫೋನಿನ ಪರದೆಯಲ್ಲಿ ತಾಸುಗಟ್ಟಲೆ ಸಿನಿಮಾ ನೋಡಲು ಇಲ್ಲದ ಮಿತಿ ಲ್ಯಾಪ್‌ಟಾಪಿನಲ್ಲಿ ಪಾಠ ಓದಲು ಏಕಿರಬೇಕು ಎಂಬ ಪ್ರಶ್ನೆಗೆ 2012ರ ರಾಜಿ ಉತ್ತರ ಕೊಟ್ಟಿರಲಿಲ್ಲ.

ಭಾರತದ ಸಂದರ್ಭ

ಭಾರತದಲ್ಲಿ ಹಾಟ್‌ಸ್ಪಾಟ್ ಹಂಚಿಕೆಗೆ ಪ್ರತ್ಯೇಕ ಶುಲ್ಕ ವಿಧಿಸುವ ರೂಢಿ ಬೆಳೆಯಲಿಲ್ಲ. ನಮ್ಮ ಬಹುಪಾಲು ಗ್ರಾಹಕರು ಮೊದಲಿನಿಂದಲೂ ಪ್ರಿಪೇಯ್ಡ್. ಡೇಟಾ ಮಾರಾಟವಾದದ್ದು ಎಂಬಿ, ಜಿಬಿ ಅಳತೆಯಲ್ಲಿ, ಮುಂದೆ ದಿನಕ್ಕೆ ಇಷ್ಟೆಂಬ ಮಿತಿಯಲ್ಲಿ. ಫೋನನ್ನು ಸಿಮ್ ಕಂಪನಿಯಿಂದ ಕೊಳ್ಳದೆ ಅಂಗಡಿಯಿಂದ ಬೇರೆಯಾಗಿ ಕೊಳ್ಳುವುದು ನಮ್ಮ ಪದ್ಧತಿಯಾದ್ದರಿಂದ ಫೋನಿನೊಳಗೆ ಕಾವಲು ಕೂರಿಸುವ ಅವಕಾಶವೂ ಸಿಮ್ ಕಂಪನಿಗಳಿಗೆ ಕಡಿಮೆಯಿತ್ತು. ಅಮೆರಿಕದಲ್ಲಿ ನಿಯಮದಿಂದ ಬಂದದ್ದು ಇಲ್ಲಿ ವ್ಯಾಪಾರದ ಸ್ವರೂಪದಿಂದ ಬಂತು. 2020 ಮತ್ತು 2021ರ ಆನ್‌ಲೈನ್ ತರಗತಿಗಳ ಕಾಲದಲ್ಲಿ ಇದರ ಬೆಲೆ ತಿಳಿಯಿತು. ಮಲೆನಾಡಿನ ಹಾಗೂ ಕರಾವಳಿಯ ಒಳಭಾಗದ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳು ಸಿಗ್ನಲ್ ಸಿಗುವ ಗುಡ್ಡ ಹತ್ತಿ ಕುಳಿತಿದ್ದಾಗ, ಸಿಗ್ನಲ್ ಹಿಡಿಯುವ ಫೋನೊಂದರ ಹಾಟ್‌ಸ್ಪಾಟ್ ಅಕ್ಕಪಕ್ಕದ ಮಕ್ಕಳಿಗೂ ಆಗುತ್ತಿತ್ತು. ತಿಂಗಳಿಗೆ ಒಂಬೈನೂರು ರೂಪಾಯಿಯ ಹಾಟ್‌ಸ್ಪಾಟ್ ಶುಲ್ಕವೊಂದು ಆಗ ಇದ್ದಿದ್ದರೆ ಅವರಲ್ಲಿ ಹೆಚ್ಚಿನವರಿಗೆ ಪಾಠವೇ ಇರುತ್ತಿರಲಿಲ್ಲ.

ಆದರೆ ವ್ಯಾಪಾರದ ಸ್ವರೂಪ ಬದಲಾಗಬಹುದು, ಬರೆದ ಷರತ್ತು ಅಷ್ಟು ಸುಲಭವಾಗಿ ಬದಲಾಗದು. ಈ ದೃಷ್ಟಿಯಿಂದ ಭಾರತದ ಎರಡು ಕ್ರಮಗಳು ಈ ಪ್ರಕರಣದ ಪಕ್ಕದಲ್ಲಿಟ್ಟು ನೋಡಲು ತಕ್ಕವು. ಯಾವ ವಿಷಯವನ್ನು ನೋಡುತ್ತೀರಿ ಎಂಬುದರ ಮೇಲೆ ಡೇಟಾಕ್ಕೆ ಬೇರೆಬೇರೆ ದರ ಹಾಕಬಾರದೆಂದು ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2016ರ ಫೆಬ್ರುವರಿ 8ರಂದು ನಿಯಮ ಮಾಡಿತು. ಹರಿಯುವ ವಿಷಯಗಳ ನಡುವೆ ಕಂಪನಿಗಳು ಭೇದ ಮಾಡಬಾರದೆಂಬ ಅಂತರ್ಜಾಲ ತಟಸ್ಥತೆಯ ತತ್ವವನ್ನು ದೂರಸಂಪರ್ಕ ಇಲಾಖೆ 2018ರ ಜುಲೈನಲ್ಲಿ ಒಪ್ಪಿ, ಅದೇ ವರ್ಷ ಕಂಪನಿಗಳ ಪರವಾನಗಿಗಳಲ್ಲಿಯೇ ಸೇರಿಸಿತು. ಹಾಗಾಗಿ ಅದು ಸಿ ಬ್ಲಾಕ್ ನಿಯಮದಂತೆ ಪರವಾನಗಿಯ ಷರತ್ತಾಗಿ ನಿಂತಿದೆ. ಒಂದು ತುಂಡು ತರಂಗಾಂತರಕ್ಕೆ ಸೀಮಿತವಾಗದೆ ಎಲ್ಲ ಜಾಲಗಳಿಗೂ ಅದು ಅನ್ವಯಿಸುವುದು ಅಮೆರಿಕದ ವ್ಯವಸ್ಥೆಗಿಂತ ಮೇಲು. ಆದರೆ ನಮ್ಮ ಎರಡೂ ಕ್ರಮಗಳ ಗಮನ ಮುಖ್ಯವಾಗಿ ಹರಿಯುವ ವಿಷಯದ ಮೇಲಿದೆ; ಬಳಕೆದಾರನ ಸಾಧನವನ್ನು ನೋಡಿ ಭೇದ ಮಾಡಬಾರದೆಂಬ ಮಾತು ತಟಸ್ಥತೆಯ ತತ್ವದಲ್ಲಿದ್ದರೂ, ಸಂಪರ್ಕವನ್ನು ಇತರ ಸಾಧನಗಳಿಗೆ ಹಂಚಿಕೊಳ್ಳುವ ಬಗ್ಗೆ ಅವು ನೇರವಾಗಿ ಹೇಳುವುದಿಲ್ಲ. ಮಿತಿಯಿಲ್ಲದ ಡೇಟಾ ಯೋಜನೆಗಳು ಇಲ್ಲಿಯೂ ಹರಡುತ್ತಿರುವ ಕಾಲದಲ್ಲಿ, ಗ್ರಾಹಕನು ತನ್ನ ಸಂಪರ್ಕವನ್ನು ತನ್ನ ಇತರ ಸಾಧನಗಳಿಗೆ ಹಂಚಿಕೊಳ್ಳುವುದನ್ನು ಮಿತಿಗೊಳಿಸಬಾರದೆಂಬ ಒಂದು ನೇರ ಸಾಲು, ಮತ್ತು ಅದನ್ನು ಮೀರಿಲ್ಲವೆಂದು ತೋರಿಸುವ ಹೊಣೆ ಕಂಪನಿಯದೆಂಬ ಇನ್ನೊಂದು ಸಾಲು, ಮುಂದಿನ ತರಂಗಾಂತರ ಹರಾಜಿನ ಅಧಿಸೂಚನೆಯಲ್ಲಿಯೇ ಇರಬೇಕು. ಹರಾಜು ಮುಗಿದು ಹಣ ಪಾವತಿಯಾದ ಮೇಲೆ ಅದನ್ನು ಸೇರಿಸಲು ಹೊರಟರೆ ಕಂಪನಿಗಳು ನ್ಯಾಯಾಲಯದ ಮೆಟ್ಟಿಲೇರುತ್ತವೆ, ಮತ್ತು ಆಗ ಅವುಗಳ ವಾದಕ್ಕೆ 2007ರಲ್ಲಿ ವೆರಿಝಾನಿಗೆ ಇಲ್ಲದಿದ್ದ ಬಲ ಇರುತ್ತದೆ.